ವಸೂಲಿ ನೂರಕ್ಕೆ ನೂರು, ಆಡಿಟ್‌ನಲ್ಲಿ 'ಎ' ವರ್ಗ. ಆದರೂ ಸಂಘ ಚೆನ್ನಾಗಿ ನಡೆದಿದೆ ಅಂತ ಹೇಗೆ ಹೇಳುವುದು?

ಗದಗ_ಕಡೆಯ_ನಿರ್ದೇಶಕ

ಎಲ್ಲರಿಗೂ ನಮಸ್ಕಾರ. ಗದಗ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಕಳೆದ ವರ್ಷ ನಿರ್ದೇಶಕನಾಗಿ ಆರಿಸಿ ಬಂದಿದ್ದೇನೆ. ಸಂಘದ ಹೆಸರು ಬೇಡ. ಬೆಳೆಸಾಲ, ಗೊಬ್ಬರ, ಬೀಜ, ಪಡಿತರ, ಸ್ವಲ್ಪ ಠೇವಣಿ, ಇಷ್ಟು ನಮ್ಮ ಕೆಲಸ. ಒಬ್ಬ ಕಾರ್ಯದರ್ಶಿ, ಇಬ್ಬರು ಗುಮಾಸ್ತರು, ಗೋದಾಮಿಗೆ ಒಬ್ಬ ಹುಡುಗ.

ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಸಭೆ ಆಯಿತು. ಅಧ್ಯಕ್ಷರು ವರದಿ ಓದಿದರು. ವಸೂಲಿ ನೂರಕ್ಕೆ ನೂರು, ಆಡಿಟ್ 'ಎ' ವರ್ಗ, ಲಾಭ ಹೋದ ವರ್ಷಕ್ಕಿಂತ ಜಾಸ್ತಿ. ಎಲ್ಲರೂ ಚಪ್ಪಾಳೆ ಹೊಡೆದರು. ಆಗ ಹಿಂದೆ ಕುಳಿತಿದ್ದ ಒಬ್ಬ ಹಿರಿಯರು ಎದ್ದು ನಿಂತರು. "ಸಾಲ ತುಂಬಾಕ ಮಾರ್ಚ್‌ನ್ಯಾಗ ನೂರಕ್ಕ ಮೂರರಂಗ ಬಡ್ಡಿ ಸಾಲ ತಂದೀನಿ. ಅದೂ ನಿಮ್ಮ ನೂರರಾಗ ಸೇರೇತೇನು?" ಅಂತ ಕೇಳಿದರು. ವೇದಿಕೆ ಮೇಲಿದ್ದ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಆ ಮಾತು ತಲೆಯಲ್ಲೇ ಇದೆ.

ಇನ್ನೊಂದು ಕಡೆ, ನಮ್ಮ ಸದಸ್ಯರೇ ಗೊಬ್ಬರವನ್ನು ಖಾಸಗಿ ಅಂಗಡಿಯಲ್ಲಿ ತರುತ್ತಿದ್ದಾರೆ. ದರ ಒಂದೇ. ಯಾಕೆ ಅಂತ ನಮಗೆ ಗೊತ್ತಿಲ್ಲ, ಯಾಕೆಂದರೆ ನಾವು ಕೇಳಿಲ್ಲ.

ಈಗ ಆಡಳಿತ ಮಂಡಳಿ ಸಿಬ್ಬಂದಿಗೆ ಟಾರ್ಗೆಟ್ ಕೊಡಬೇಕು ಅನ್ನುತ್ತಿದೆ. ಇಷ್ಟು ಠೇವಣಿ, ಇಷ್ಟು ಹೊಸ ಸದಸ್ಯರು, ಮುಟ್ಟಿದವರಿಗೆ ಬೋನಸ್. ನಾನು ಒಂದು ತಿಂಗಳ ಸಮಯ ಕೇಳಿದ್ದೇನೆ. ಇಂಥ ಸಣ್ಣ ಸಂಸ್ಥೆ ತನ್ನ ಕೆಲಸವನ್ನು ಯಾವುದರಿಂದ ಅಳೆಯಬೇಕು? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಗೋಕುಲ್_ರೋಡ್_ವರ್ಕ್‌ಶಾಪ್

ಸರ್, ಬೋನಸ್ ಮಾತು ಮೊದಲು ನಿಲ್ಲಿಸಿ. ಬಾಕಿ ಎಲ್ಲ ಆಮೇಲೆ.

ನನ್ನದು ಹುಬ್ಬಳ್ಳಿಯಲ್ಲಿ ಸಣ್ಣ ಮಷೀನ್ ಶಾಪ್. ಆರು ಲೇತ್ ಇವೆ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಮಾಡಿದೆ. ದಿನಕ್ಕೆ ಜಾಸ್ತಿ ಪೀಸ್ ತೆಗೆದವರಿಗೆ ತಿಂಗಳ ಕೊನೆಗೆ ದುಡ್ಡು. ಮೊದಲ ತಿಂಗಳು ಪೀಸ್ ಹೆಚ್ಚಾಯಿತು, ನನಗೆ ಬಹಳ ಖುಷಿ. ಎರಡನೇ ತಿಂಗಳಿಗೆ ಗೋದಾಮು ತುಂಬಿತು, ಆದರೆ ಆರ್ಡರ್ ಹೊತ್ತಿಗೆ ಹೋಗುತ್ತಿಲ್ಲ. ಯಾಕೆ ಅಂತ ನೋಡಿದರೆ, ಸುಲಭದ ಪೀಸನ್ನೇ ಎಲ್ಲರೂ ತೆಗೆಯುತ್ತಿದ್ದಾರೆ. ಕಷ್ಟದ ಜಾಬ್ ಮೂಲೆಯಲ್ಲಿ ಬಿದ್ದಿದೆ. ಅಳತೆ ತಪ್ಪಿದ ಪೀಸನ್ನು ಬೇರೆಯವರ ಟ್ರೇಗೆ ಹಾಕಿದ್ದೂ ಸಿಕ್ಕಿತು. ಹುಡುಗರು ಕೆಟ್ಟವರಲ್ಲ. ನಾನು ಏನು ಎಣಿಸಿದೆನೋ ಅದನ್ನು ಅವರು ಕೊಟ್ಟರು, ಅಷ್ಟೇ.

ಆಮೇಲೆ ಬೋನಸ್ ತೆಗೆದು ಎಲ್ಲರ ಸಂಬಳಕ್ಕೆ ಸೇರಿಸಿದೆ. ಗೋಡೆಗೆ ಒಂದು ಕಪ್ಪು ಹಲಗೆ ಹಾಕಿದೆ. ಅದರಲ್ಲಿ ಎರಡೇ ಸಾಲು. ನಿನ್ನೆ ಹೇಳಿದ ದಿನಕ್ಕೆ ಹೋಗಬೇಕಿದ್ದ ಆರ್ಡರ್ ಎಷ್ಟು, ಹೋದದ್ದು ಎಷ್ಟು. ಮೊದಲ ಸಲಕ್ಕೇ ಸರಿ ಬಂದ ಪೀಸ್ ಎಷ್ಟು, ರೀವರ್ಕ್ ಎಷ್ಟು. ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ಹಲಗೆ ಮುಂದೆ ನಿಲ್ಲುತ್ತೇವೆ. "ಯಾರು ಮಾಡಿದ್ದು" ಅಂತ ಕೇಳುವುದಿಲ್ಲ, "ಯಾಕೆ ಆಯಿತು" ಅಂತ ಮಾತ್ರ ಕೇಳುತ್ತೇವೆ. ಈಗ ಆಪರೇಟರ್‌ಗಳೇ ತಪ್ಪು ಪೀಸ್ ತಂದು ತೋರಿಸುತ್ತಾರೆ.

ವಿದ್ಯಾನಗರ_ಎಂಬಿಎ

ಮೇಲಿನವರು ಹೇಳಿದ್ದಕ್ಕೆ ಒಂದು ಹೆಸರೇ ಇದೆ. ಗುಡ್‌ಹಾರ್ಟ್ ನಿಯಮ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲಿ ಹೇಳಿದ್ದು. ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ.

ನಿರ್ದೇಶಕರೇ, ನಿಮಗೆ ಉಪಯೋಗ ಆಗಬಹುದಾದ್ದು ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್. ರಾಬರ್ಟ್ ಕಪ್ಲಾನ್ ಮತ್ತು ಡೇವಿಡ್ ನಾರ್ಟನ್ 1992ರಲ್ಲಿ ಇದನ್ನು ಮುಂದಿಟ್ಟರು. ಬರೀ ದುಡ್ಡಿನ ಲೆಕ್ಕ ನೋಡಿ ಸಂಸ್ಥೆ ನಡೆಸುವುದು ಸಾಲದು ಅನ್ನುವುದು ಅವರ ಮಾತು. ದುಡ್ಡಿನ ಲೆಕ್ಕ ಆಗಿಹೋದದ್ದನ್ನು ಹೇಳುತ್ತದೆ, ಮುಂದೆ ಆಗುವುದನ್ನು ಹೇಳುವುದಿಲ್ಲ. ಅದಕ್ಕೆ ನಾಲ್ಕು ಕಡೆಯಿಂದ ನೋಡಬೇಕು. ಹಣಕಾಸು ಹೇಗಿದೆ, ಗ್ರಾಹಕ ನಮ್ಮನ್ನು ಹೇಗೆ ನೋಡುತ್ತಾನೆ, ಒಳಗಿನ ಕೆಲಸ ಹೇಗೆ ನಡೆದಿದೆ, ನಾವು ಕಲಿಯುತ್ತಿದ್ದೇವಾ. ನಿಮ್ಮ ವರದಿಯಲ್ಲಿ ಮೊದಲನೆಯದು ಮಾತ್ರ ಇದೆ. ಆ ಹಿರಿಯರು ಎತ್ತಿದ್ದು ಎರಡನೆಯದು.

ಧಾರವಾಡ_ಮಾಸ್ತರ್

ಒಂದು ಸಣ್ಣ ತಿದ್ದುಪಡಿ. ಗುಡ್‌ಹಾರ್ಟ್ ಅವರು ಹೇಳಿದ್ದು ಬ್ಯಾಂಕಿನ ಹಣದ ನೀತಿಯ ಬಗ್ಗೆ, ಮಾತೂ ಬೇರೆ ರೀತಿ ಇತ್ತು. ನೀವು ಬರೆದ ರೂಪ ಮಾನವಶಾಸ್ತ್ರಜ್ಞೆ ಮೆರಿಲಿನ್ ಸ್ಟ್ರಾಥರ್ನ್ ಅವರದು, 1997ರದ್ದು. ಅವರು ಬರೆದದ್ದು ವಿಶ್ವವಿದ್ಯಾಲಯಗಳನ್ನು ಅಳೆಯುವ ವಿಚಾರದಲ್ಲಿ.

ಶಾಲೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಹೇಳುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಹೈಸ್ಕೂಲಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರು ಬರಲೇಬೇಕಿತ್ತು. ಏನು ಮಾಡಿದರು? ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳ ಪಾಲಕರನ್ನು ಕರೆಸಿ ಟಿ.ಸಿ. ಕೊಟ್ಟು ಕಳಿಸಿದರು. ಹತ್ತನೇ ತರಗತಿಗೆ ಉಳಿದವರು ಪಾಸಾಗುವವರೇ. ಫಲಿತಾಂಶ ನೂರು ಬಂತು, ಊರಲ್ಲಿ ಬ್ಯಾನರ್ ಕಟ್ಟಿದರು. ಟಿ.ಸಿ. ತೆಗೆದುಕೊಂಡು ಹೋದ ಒಬ್ಬ ಹುಡುಗ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದ. ಗಣಿತ ಬಿಟ್ಟರೆ ಬೇರೆ ಎಲ್ಲ ವಿಷಯದಲ್ಲಿ ಅವನು ಚೆನ್ನಾಗಿಯೇ ಇದ್ದ. ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಇಡೀ ರಾಜ್ಯದ ಮಟ್ಟದಲ್ಲೂ ನೋಡಿ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ನೂರಕ್ಕೆ 83.89. 2024ರಲ್ಲಿ ಪರೀಕ್ಷಾ ಕೇಂದ್ರಕ್ಕೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಕೃಪಾಂಕ ಹೆಚ್ಚಿಸಿದರೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರಾ? ಅಳೆಯುವ ರೀತಿ ಬದಲಾಯಿತು. ಅದಕ್ಕೇ ಯಾವ ಅಂಕಿ ಬಂದರೂ, ಇದನ್ನು ಹೇಗೆ ಎಣಿಸಿದಿರಿ ಅಂತ ಮೊದಲು ಕೇಳಬೇಕು.

ವಿದ್ಯಾನಗರ_ಎಂಬಿಎ

ಧನ್ಯವಾದ ಸರ್, ಸ್ಟ್ರಾಥರ್ನ್ ವಿಷಯ ಗೊತ್ತಿರಲಿಲ್ಲ.

ನರಗುಂದ_ರೈತ

ಇದೆಲ್ಲ ದೊಡ್ಡ ಕಂಪನಿಗೆ ಸರಿ. ನಮ್ಮ ಕಡೆ ಸಂಘ ನಡೆಯುವುದು ಮಳೆ ಮೇಲೆ. ಹೆಸರುಕಾಳಿನ ಬೆಳೆ ಬಂದರೆ ವಸೂಲಿ ಆಗುತ್ತದೆ, ಉಳ್ಳಾಗಡ್ಡಿ ರೇಟ್ ಬಿದ್ದರೆ ಇಲ್ಲ. ಸುಮ್ನೆ ಕಾರ್ಯದರ್ಶಿಗೆ ಚಾರ್ಟ್ ಬರೆಯಲು ಹಚ್ಚಿದರೆ ಸಾಲ ಕೊಡುವ ಕೆಲಸ ಇನ್ನೂ ತಡ ಆಗುತ್ತದೆ.

ನಿವೃತ್ತ_ಸಹಕಾರಿ

ಮೂವತ್ತು ವರ್ಷ ಸಹಕಾರ ಸಂಘಗಳ ಲೆಕ್ಕ ನೋಡಿದವನು ನಾನು. ಆ ಹಿರಿಯರ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಹೌದು, ಅವರ ಬಡ್ಡಿ ಸಾಲವೂ ಆ ನೂರರಲ್ಲಿ ಸೇರಿದೆ. ಇದನ್ನು ಎಲ್ಲರೂ ಬಲ್ಲರು, ಯಾರೂ ಬರೆಯುವುದಿಲ್ಲ. ಸರ್ಕಾರದ ಶೂನ್ಯ ಬಡ್ಡಿ ಬೆಳೆಸಾಲದ ಲಾಭ ಸಿಗಬೇಕಾದರೆ ಗಡುವಿನೊಳಗೆ ಸಾಲ ಕಟ್ಟಬೇಕು. 2023ರಿಂದ ಈ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷ ಆಗಿದೆ. ರೈತನ ಕೈಯಲ್ಲಿ ದುಡ್ಡಿಲ್ಲ. ಊರಲ್ಲಿ ಬಡ್ಡಿಗೆ ತರುತ್ತಾನೆ, ಸಂಘಕ್ಕೆ ತುಂಬುತ್ತಾನೆ, ಹೊಸ ಸಾಲ ಕೈಗೆ ಬಂದ ದಿನ ಬಡ್ಡಿಯವನಿಗೆ ಕೊಡುತ್ತಾನೆ. ಪುಸ್ತಕದಲ್ಲಿ ಒಂದು ವಸೂಲಿ, ಒಂದು ಹೊಸ ಸಾಲ.

ಈಗ ಲೆಕ್ಕ ಹಾಕಿ. 1 ಲಕ್ಷ ಸಾಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ. ತಿಂಗಳಿಗೆ 3,000, ಅಂದರೆ ದಿನಕ್ಕೆ 100 ರೂಪಾಯಿ. ಸಾಲ ತುಂಬಿದ ದಿನದಿಂದ ಹೊಸ ಸಾಲ ಕೈಗೆ ಬರಲು 20 ದಿನ ಆದರೆ ರೈತನಿಗೆ 2,000 ಹೋಯಿತು. ಶೂನ್ಯ ಬಡ್ಡಿ ಸಾಲಕ್ಕೆ ಅವನು ಕಟ್ಟಿದ ನಿಜವಾದ ಬಡ್ಡಿ ಅದು. ನಿಮ್ಮ ಯಾವ ಖಾತೆಯಲ್ಲೂ ಇದು ಕಾಣುವುದಿಲ್ಲ.

ನರಗುಂದದವರು ಹೇಳಿದಂತೆ ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಆ 20 ದಿನ? ಅದರಲ್ಲಿ ಬಹಳ ಪಾಲು ಸಂಘದ ಕೈಯಲ್ಲೇ ಇದೆ. ಉತಾರ (ಪಹಣಿ) ಬೇಕು ಅಂತ ಒಂದು ದಿನ, ಬಾಂಡ್ ಬೇಕು ಅಂತ ಇನ್ನೊಂದು ದಿನ, ಕಾರ್ಯದರ್ಶಿ ಮೀಟಿಂಗ್‌ಗೆ ಹೋಗಿದ್ದಾರೆ ಅಂತ ಮತ್ತೊಂದು ದಿನ. ವಸೂಲಿ ಎಷ್ಟು ಅಂತ ಕೇಳುವ ಬದಲು, ಸಾಲ ತುಂಬಿದವನಿಗೆ ಮತ್ತೆ ಸಾಲ ಸಿಗಲು ಎಷ್ಟು ದಿನ ಆಯಿತು ಅಂತ ಎಣಿಸಿ. ನಾನಾಗಿದ್ದರೆ ಈ ಒಂದೇ ಅಂಕಿಯಿಂದ ಶುರು ಮಾಡುತ್ತಿದ್ದೆ.

ಆಡಿಟ್ ವರ್ಗದ ಬಗ್ಗೆ ಒಂದು ಮಾತು. ಅದನ್ನು ಕಡೆಗಣಿಸಬೇಡಿ. ಪುಸ್ತಕ ಸರಿ ಇದೆ, ದುಡ್ಡು ಎಲ್ಲಿ ಹೋಯಿತು ಗೊತ್ತಿದೆ ಅನ್ನುವುದು ದೊಡ್ಡ ವಿಷಯ. 'ಡಿ' ವರ್ಗದ ಸಂಘ ಮುಳುಗಿದಾಗ ಠೇವಣಿ ಇಟ್ಟವರು ಅತ್ತದ್ದನ್ನು ನೋಡಿದ್ದೇನೆ. ಆದರೆ ಆಡಿಟ್ ನೋಡುವುದು ಲೆಕ್ಕದ ಶಿಸ್ತು. ಸಂಘ ಇರುವುದು ಯಾರಿಗಾಗಿ, ಅವರಿಗೆ ಏನು ಸಿಕ್ಕಿತು ಅನ್ನುವುದನ್ನು ಆಡಳಿತ ಮಂಡಳಿಯೇ ಕೇಳಿಕೊಳ್ಳಬೇಕು.

ಗದಗ_ಕಡೆಯ_ನಿರ್ದೇಶಕ

ಸರ್, ದಿನಕ್ಕೆ 100 ರೂಪಾಯಿ ಲೆಕ್ಕ ಓದಿ ಮೈ ಜುಮ್ ಅಂದಿತು. ನಾವು ಒಂದು ದಿನವೂ ಹೀಗೆ ಯೋಚಿಸಿಲ್ಲ. ನಾಳೆಯೇ ಹಳೇ ರಿಜಿಸ್ಟರ್ ತೆಗೆಸುತ್ತೇನೆ.

ನರಗುಂದ_ರೈತ

ನಿವೃತ್ತ ಸಾಹೇಬರು ಹೇಳಿದ್ದು ನಮ್ಮ ಮನೆಯ ಕತೆ. ಆ ದಿನಗಳನ್ನು ಎಣಿಸುವುದಾದರೆ ನಾನು ವಿರೋಧ ಮಾಡುವುದಿಲ್ಲ. ಚಾರ್ಟ್ ಬೇಡ ಅಂದಿದ್ದು ಬೇರೆ ಅರ್ಥದಲ್ಲಿ.

ಹುಬ್ಬಳ್ಳಿ_ಜಂಕ್ಷನ್

ಅಂಕಿಗಳ ಮಾತು ಬಂದಿದ್ದಕ್ಕೆ. ನಮ್ಮ ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಎಲ್ಲರೂ ಉದ್ದ ಹೇಳುತ್ತಾರೆ. ಪ್ರಯಾಣಿಕನಿಗೆ ಉದ್ದದಿಂದ ಏನು? ಗಾಡಿ ಹೊತ್ತಿಗೆ ಬಂತಾ ಅನ್ನುವುದು ಮುಖ್ಯ ಅಲ್ವಾ?

ಕೇಶ್ವಾಪುರ_ರೈಲು

ಹಾಗೆ ಹೇಳಿದರೆ ತಪ್ಪಾಗುತ್ತದೆ. ದಾಖಲೆಗಾಗಿ ಕಟ್ಟಿದ್ದಲ್ಲ ಅದು. ಯಾರ್ಡ್ ಹೊಸದಾಗಿ ಜೋಡಿಸುವಾಗ, ಒಂದೇ ಪ್ಲಾಟ್‌ಫಾರ್ಮ್‌ನಿಂದ ಎರಡು ಗಾಡಿ ಎರಡು ದಿಕ್ಕಿಗೆ ಹೊರಡಲಿ ಅಂತ ಮಾಡಿದ್ದು. ಉದ್ದ ಅದರಿಂದ ಬಂದದ್ದು. ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ. ಯಾವ ಕೆಲಸಕ್ಕೆ ಕಟ್ಟಿದರೋ ಆ ಕೆಲಸ ಆಗುತ್ತಿದೆಯಾ ಅಂತ ನೋಡಬೇಕು, ಅಂದರೆ ಗಾಡಿಗಳು ಸಿಗ್ನಲ್ ಹೊರಗೆ ಕಾಯುವುದು ಎಷ್ಟು ಕಡಿಮೆಯಾಯಿತು.

ಶಿಗ್ಗಾಂವಿ_ಅಕ್ಕ

ನಾನು ಹಾವೇರಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಪುಸ್ತಕ ಬರೆಯುವವಳು. ನಮ್ಮ ಅಳತೆ ಹೇಳುತ್ತೇನೆ, ದೊಡ್ಡ ಸಂಘದವರಿಗೂ ಕೆಲಸಕ್ಕೆ ಬರಬಹುದು.

ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಪಂಚಸೂತ್ರ ಅಂತ ಇದೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ತಪ್ಪದೆ ಒಳಸಾಲ (ಸದಸ್ಯರೊಳಗೇ ಕೊಡುವ ಸಾಲ), ಹೊತ್ತಿಗೆ ಮರುಪಾವತಿ, ಅಂದಂದಿನ ಪುಸ್ತಕ. ಐದೇ. ಇದರಲ್ಲಿ ಎಲ್ಲೂ "ಎಷ್ಟು ಲಕ್ಷ" ಅಂತ ಇಲ್ಲ, ನೋಡಿದಿರಾ? ಎಲ್ಲವೂ ರೂಢಿ. ಸಭೆ ತಪ್ಪಲು ಶುರುವಾದರೆ ಆರು ತಿಂಗಳಲ್ಲಿ ಸಾಲ ನಿಲ್ಲುತ್ತದೆ ಅಂತ ನಮಗೆ ಗೊತ್ತು. ಅಂದರೆ ರೋಗ ಬರುವ ಮೊದಲೇ ಮೈ ಬಿಸಿ ಗೊತ್ತಾಗುತ್ತದೆ.

ಒಂದು ಸಂಘದಲ್ಲಿ ಸಭೆಗೆ ಹಾಜರಾತಿ ಬಹಳ ಚೆನ್ನಾಗಿತ್ತು. ಎಲ್ಲರ ಸಹಿ. ಆದರೆ ಒಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ತಿಳಿಯಿತು, ಪ್ರತಿನಿಧಿ ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಿದ್ದಳು. ಅವಳನ್ನು ಬೈಯಲಿಲ್ಲ. ಯಾಕೆ ಬರುತ್ತಿಲ್ಲ ಅಂತ ಮನೆಗೆ ಹೋಗಿ ಕೇಳಿದೆ. ಸಭೆ ಮಧ್ಯಾಹ್ನ ಮೂರಕ್ಕೆ, ಅದು ಮೆಣಸಿನಕಾಯಿ ಬಿಡಿಸುವ ಹೊತ್ತು. ಕೂಲಿ ಬಿಟ್ಟು ಹೇಗೆ ಬರುತ್ತಾರೆ? ಸಭೆಯನ್ನು ರಾತ್ರಿ ಎಂಟಕ್ಕೆ ಇಟ್ಟೆವು. ಬಂದರು. ಈಗ ಹಾಜರಾತಿ ಮೊದಲಿಗಿಂತ ಕಡಿಮೆ ಕಾಣುತ್ತದೆ, ಆದರೆ ನಿಜವಾದದ್ದು.

ಗೋಕುಲ್_ರೋಡ್_ವರ್ಕ್‌ಶಾಪ್

ಅಕ್ಕಾ, ಕೊನೆಯ ಸಾಲು ಬಹಳ ದೊಡ್ಡ ಮಾತು. ಅಂಕಿ ಇಳಿದದ್ದು ಒಳ್ಳೆಯ ಸುದ್ದಿಯೂ ಆಗಬಹುದು. ನನ್ನ ಹಲಗೆಯಲ್ಲೂ ಮೊದಲ ತಿಂಗಳು ರೀವರ್ಕ್ ಒಮ್ಮೆಲೆ ಏರಿತು. ತಪ್ಪು ಹೆಚ್ಚಾಗಿದ್ದಲ್ಲ, ಮುಚ್ಚಿಡುವುದು ನಿಂತಿತ್ತು.

ಬ್ಯಾಡಗಿ_ಡಬ್ಬಿ

ಮೆಣಸಿನಕಾಯಿ ಹೆಸರು ಬಂತು, ಬರೆಯದೆ ಇರಲಾರೆ. ನಮ್ಮ ಬ್ಯಾಡಗಿ ಮಾರುಕಟ್ಟೆಯನ್ನು ಎಲ್ಲರೂ ಅಳೆಯುವುದು ಆವಕದಿಂದ. ಇವತ್ತು ಇಷ್ಟು ಲಕ್ಷ ಚೀಲ ಬಂತು ಅಂತ ಪೇಪರ್‌ನಲ್ಲಿ ಬರುತ್ತದೆ. ರೈತನಿಗೆ ಆ ಅಂಕಿಯೇ ಭಯ. ಆವಕ ಜಾಸ್ತಿ ಅಂದರೆ ರೇಟ್ ಬಿತ್ತು ಅಂತಲೇ ಅವನು ಅಂದುಕೊಳ್ಳುತ್ತಾನೆ. 2024ರ ಮಾರ್ಚ್ 11ರಂದು ರೇಟ್ ಕುಸಿದು ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತಲ್ಲ, ಅವತ್ತೂ ಚೀಲದ ಲೆಕ್ಕ ನೋಡಿದರೆ ಮಾರುಕಟ್ಟೆ ಜೋರಾಗಿತ್ತು. ಸುಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆಯ ಅಂಕಿ ನೋಡುತ್ತಾ ಕುಳಿತರೆ ಇನ್ನೊಂದು ಕಡೆ ಏನು ಕುದಿಯುತ್ತಿದೆ ಗೊತ್ತಾಗುವುದಿಲ್ಲ.

ರಾಣೆಬೆನ್ನೂರು_ಬೀಜ

ಅಣ್ಣಾ, ಈ ವಾರ ಕಡ್ಡಿ ಮೆಣಸಿನಕಾಯಿ ರೇಟ್ ಹೇಗಿದೆ?

ಬ್ಯಾಡಗಿ_ಡಬ್ಬಿ

ಮೆಸೇಜ್ ಮಾಡಿ ತಮ್ಮಾ, ಇಲ್ಲಿ ಬೇರೆ ಚರ್ಚೆ ನಡೆದಿದೆ.

ಬೆಂಗೇರಿ_ನಿವಾಸಿ

ನಮ್ಮ ಓಣಿಯ ಉದಾಹರಣೆ ಕೊಡುತ್ತೇನೆ. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಆ ಧ್ವಜಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡ ಇದೆ, ಅದರ ಸಂಖ್ಯೆಯೇ ಐಎಸ್ 1. ನೂಲು, ನೇಯ್ಗೆ, ಬಣ್ಣ, ಚಕ್ರದ ಮುದ್ರಣ, ಹೊಲಿಗೆ, ಹಗ್ಗ ಕಟ್ಟುವುದು, ಪ್ರತಿ ಹಂತದಲ್ಲೂ ತಪಾಸಣೆ. ಕೊನೆಗೆ ಬಾವುಟ ಹಾರಿಸಿ ನೋಡಿದರೆ ಆಯಿತು ಅಂತ ಬಿಡುವುದಿಲ್ಲ. ನೂಲಿನಲ್ಲಿ ತಪ್ಪು ಇದ್ದರೆ ನೂಲಿನಲ್ಲೇ ಹಿಡಿಯಬೇಕು. ಹೊಲಿದ ಮೇಲೆ ಗೊತ್ತಾದರೆ ಎಲ್ಲರ ದುಡಿಮೆಯೂ ಹೋಯಿತು.

ಸಾಲದ ಕಾಗದವೂ ಹಾಗೇ. ಕೊನೆಯ ದಿನ "ನಿಮ್ಮ ಉತಾರದಲ್ಲಿ ಹೆಸರು ಹೊಂದುತ್ತಿಲ್ಲ" ಅಂದರೆ ರೈತ ಮತ್ತೆ ತಹಶೀಲ್ದಾರ್ ಕಚೇರಿಗೆ ಓಡಬೇಕು.

ವಿದ್ಯಾನಗರ_ಎಂಬಿಎ

ಸರ್, ಅದೇ ಬೆಂಗೇರಿಗೆ ಇನ್ನೊಂದು ಪಾಠವೂ ಇದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಸ್ಟರ್ ಮತ್ತು ಮಷೀನ್ ಬಾವುಟಕ್ಕೂ ಒಪ್ಪಿಗೆ ಬಂತು. ಗುಣಮಟ್ಟದಲ್ಲಿ ಪೂರ್ತಿ ಅಂಕ ಪಡೆದರೂ ಸುತ್ತಲಿನ ಲೋಕ ಬದಲಾದರೆ ಸಂಸ್ಥೆಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಅಳತೆಗಿಂತ ಮೊದಲು ದಾರಿ ಗೊತ್ತಿರಬೇಕು. ನಾವು ಯಾರಿಗೆ, ಏನು ಕೊಡುತ್ತೇವೆ, ಏನು ಕೊಡುವುದಿಲ್ಲ. ಸ್ಟ್ರಾಟಜಿ ಅನ್ನುವುದು ಇಷ್ಟೇ. ನಿರ್ದೇಶಕರೇ, ನಿಮ್ಮ ಸಂಘ ಇನ್ನು ಐದು ವರ್ಷಕ್ಕೆ ಏನಾಗಬೇಕು? ಠೇವಣಿ ಬ್ಯಾಂಕಾ, ಗೊಬ್ಬರದ ಅಂಗಡಿಯಾ, ಸಣ್ಣ ರೈತನ ಸಾಲದ ಸಂಘವಾ?

ಬೆಂಗೇರಿ_ನಿವಾಸಿ

ಅದು ನಿಜ. ಆದರೆ ಅಲ್ಲಿ ನೂಲುವ, ಹೊಲಿಯುವ ಹೆಣ್ಣುಮಕ್ಕಳ ದುಡಿಮೆಯನ್ನು "ಪಾಠ" ಅಂತ ಒಂದು ಮಾತಿನಲ್ಲಿ ಹೇಳಿ ಬಿಡಬೇಡಿ. ಆರ್ಡರ್ ಕಡಿಮೆಯಾದರೆ ಅವರ ಮನೆಯ ಒಲೆಗೆ ತಟ್ಟುತ್ತದೆ.

ವಿದ್ಯಾನಗರ_ಎಂಬಿಎ

ಒಪ್ಪುತ್ತೇನೆ, ಕ್ಷಮಿಸಿ. ಹಾಗೆ ಬರೆಯಬಾರದಿತ್ತು.

ಡ್ರೈವರ್_ಮಗ

ನಮ್ಮ ಅಪ್ಪ ಬಸ್ ಓಡಿಸುತ್ತಿದ್ದರು. ಬಸ್ಸಿನವರಿಗೆ ಕೆಎಂಪಿಎಲ್ ಅಂತ ಒಂದು ಲೆಕ್ಕ ಇದೆ, ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಅಂತ. ಇನ್ನೊಂದು ಇಪಿಕೆಎಂ, ಕಿಲೋಮೀಟರಿಗೆ ಎಷ್ಟು ಗಳಿಕೆ. ಮೊದಲನೆಯದು ಡ್ರೈವರ್ ಕೈಯಲ್ಲಿದೆ. ನಿಧಾನ ಕ್ಲಚ್ ಬಿಡುವುದು, ಸುಮ್ನೆ ಇಂಜಿನ್ ಓಡಿಸದೆ ಇರುವುದು, ಇದರಿಂದ ಏರುತ್ತದೆ. ಅಪ್ಪ ಅದರಲ್ಲಿ ಹೆಮ್ಮೆ ಪಡುತ್ತಿದ್ದರು. ಆದರೆ ಘಟ್ಟದ ರೂಟ್‌ಗೆ ಹೋದ ತಿಂಗಳು ಅದೇ ಕೈ, ಅದೇ ಕಾಲು, ಅಂಕಿ ಮಾತ್ರ ಇಳಿಯುತ್ತಿತ್ತು. ಗದಗದ ಬಯಲು ರಸ್ತೆಯವರ ಜೊತೆ ಹೋಲಿಸಿದರೆ ನ್ಯಾಯ ಆಗುತ್ತಾ? ಅದೇ ರೂಟಿನ ಇನ್ನೊಬ್ಬ ಡ್ರೈವರ್ ಜೊತೆ ಹೋಲಿಸಬೇಕು. ನರಗುಂದದವರ ಮಳೆ ಪ್ರಶ್ನೆಗೂ ಇದೇ ಉತ್ತರ. ಪಕ್ಕದ ಊರಿನ ಸಂಘದ ಜೊತೆ ನೋಡಿ, ಮಳೆ ಇಬ್ಬರಿಗೂ ಒಂದೇ.

ಹಾಗೇ, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿತು. ತುಂಬಿದ ಬಸ್ಸು ಅಂದರೆ ಮೊದಲು ಕೈಗೆ ಬಂದ ದುಡ್ಡು ಅಂತ ಅರ್ಥ ಇತ್ತು. ಈಗ ಅದೇ ತುಂಬಿದ ಬಸ್ಸಿನ ಅರ್ಥ ಬೇರೆ. ನಿಯಮ ಬದಲಾದ ದಿನ ಹಳೇ ಅಂಕಿಯನ್ನು ಹೊಸದರ ಪಕ್ಕ ಇಟ್ಟು ಹೋಲಿಸಬಾರದು.

ಹುಬ್ಬಳ್ಳಿ_ಜಂಕ್ಷನ್

ಶಕ್ತಿ ಯೋಜನೆಯಿಂದ ನಷ್ಟವೇ ಜಾಸ್ತಿ ಅನ್ನಿ.

ಶಿಗ್ಗಾಂವಿ_ಅಕ್ಕ

ಯಾವ ಅಳತೆಯಿಂದ ಅಣ್ಣಾ? ನಮ್ಮ ಸಂಘದ ಹೆಣ್ಣುಮಕ್ಕಳು ಈಗ ಹಾವೇರಿ ಸಂತೆಗೆ ತಾವೇ ಹೋಗಿ ರೊಟ್ಟಿ ಮಾರುತ್ತಾರೆ. ಮೊದಲು ಬಸ್ ಚಾರ್ಜ್‌ಗೇ ಲಾಭ ಹೋಗುತ್ತಿತ್ತು. ಅದು ಯಾವ ಲೆಕ್ಕದಲ್ಲಿ ಬರೆದಿದೆ ತೋರಿಸಿ.

ಹುಬ್ಬಳ್ಳಿ_ಜಂಕ್ಷನ್

ಅಕ್ಕಾರ, ಒಪ್ಪಿದೆ. ಬೇರೆ ಚರ್ಚೆ ತೆರೆಯೋಣ, ಇಲ್ಲಿ ನಿರ್ದೇಶಕರ ಪ್ರಶ್ನೆ ಉಳಿದುಹೋಗುತ್ತದೆ.

ಗದಗ_ಕಡೆಯ_ನಿರ್ದೇಶಕ

ಎರಡು ವಾರ ಇಲ್ಲಿಗೆ ಬರಲಾಗಲಿಲ್ಲ. ರಿಜಿಸ್ಟರ್ ನೋಡುತ್ತಿದ್ದೆವು. ಕಾರ್ಯದರ್ಶಿಗೆ ಮೊದಲು ಬೇಜಾರಾಯಿತು, ತಮ್ಮ ತಪ್ಪು ಹುಡುಕುತ್ತಿದ್ದಾರೆ ಅಂತ. ನಾನು ಗೋಕುಲ್ ರೋಡ್ ಸರ್ ಮಾತನ್ನೇ ಹೇಳಿದೆ. ಯಾರು ಅಂತಲ್ಲ, ಯಾಕೆ ಅಂತ. ಆಮೇಲೆ ಅವರೇ ರಾತ್ರಿ ಒಂಬತ್ತರವರೆಗೆ ಕುಳಿತು ದಿನಾಂಕ ಹೊಂದಿಸಿದರು.

ನಲವತ್ತು ಸದಸ್ಯರ ಕಾಗದ ತೆಗೆದೆವು. ಸಾಲ ತುಂಬಿದ ದಿನದಿಂದ ಹೊಸ ಸಾಲ ಸಿಕ್ಕ ದಿನದವರೆಗೆ ಕಡಿಮೆ ಅಂದರೆ 9 ದಿನ, ಜಾಸ್ತಿ ಅಂದರೆ 41 ದಿನ. ಬಹಳ ಜನ 20ರ ಆಚೆ ಈಚೆ. ನಿವೃತ್ತ ಸರ್ ಸುಮ್ನೆ ಉದಾಹರಣೆಗೆ ಹೇಳಿದ ಅಂಕಿ ನಮ್ಮಲ್ಲಿ ಹಾಗೇ ಇತ್ತು. 41 ದಿನ ಆದದ್ದು ಒಬ್ಬ ವಿಧವೆಗೆ. ಗಂಡನ ಹೆಸರಿನಿಂದ ಉತಾರ ಬದಲಾಗಿರಲಿಲ್ಲ. ಹಿಂದಿನ ವರ್ಷವೂ ಅದೇ ತೊಂದರೆ ಇತ್ತು, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದೂ ಇದೆ. ನಾವು ಒಂದು ವರ್ಷ ಸುಮ್ಮನಿದ್ದೆವು.

ಗೊಬ್ಬರದ ವಿಷಯ ಕೇಳಲು ಮೂರು ಊರಿಗೆ ಹೋದೆ. ಉತ್ತರ ಬಹಳ ಸರಳ. ಖಾಸಗಿ ಅಂಗಡಿ ಬೆಳಿಗ್ಗೆ ಏಳಕ್ಕೆ ತೆಗೆಯುತ್ತದೆ, ನಮ್ಮದು ಹತ್ತೂವರೆಗೆ. ಬಿತ್ತನೆ ದಿನ ಹತ್ತೂವರೆವರೆಗೆ ಯಾರು ಕಾಯುತ್ತಾರೆ?

ಎಂಬಿಎ ಅವರ ಪ್ರಶ್ನೆಯನ್ನು ಮಂಡಳಿಯ ಮುಂದೆ ಇಟ್ಟೆ. ಜಗಳವೇ ಆಯಿತು. ಠೇವಣಿ ಹೆಚ್ಚಿಸಿ ಬ್ಯಾಂಕಿನಂತೆ ಆಗೋಣ ಅಂದವರು ಮೂವರು. ನಾನು ಕಣಗಿನಹಾಳದ ಮಾತು ತೆಗೆದೆ. ನಮ್ಮ ತಾಲ್ಲೂಕಿನದೇ ಊರು, 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಅಲ್ಲಿ ಹುಟ್ಟಿತು. ಸಿದ್ಧನಗೌಡ ಪಾಟೀಲರು ಅದನ್ನು ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು. ನೂರಾ ಇಪ್ಪತ್ತು ವರ್ಷ ಆದ ಮೇಲೆ ನಮ್ಮ ಸದಸ್ಯ ನಮ್ಮ ಸಾಲ ಕಟ್ಟಲು ಅದೇ ಬಡ್ಡಿಗೆ ಹೋಗುತ್ತಿದ್ದಾನೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಐದು ವರ್ಷ ಸಣ್ಣ ರೈತನ ಸಾಲ ಮತ್ತು ಬಿತ್ತನೆ ಸಾಮಾನು, ಇವೆರಡನ್ನೇ ಗಟ್ಟಿ ಮಾಡೋಣ ಅಂತ ಆಯಿತು. ಠೇವಣಿ ಟಾರ್ಗೆಟ್ ಬೋನಸ್ ಸದ್ಯಕ್ಕೆ ನಿಂತಿದೆ.

ನಿವೃತ್ತ_ಸಹಕಾರಿ

ಬಹಳ ಸಂತೋಷ ಆಯಿತು. ಈಗ ಅಂಕಿಗಳನ್ನು ಹೆಚ್ಚು ಮಾಡಬೇಡಿ. ನಾಲ್ಕು ಸಾಕು. ಸಾಲದ ದಿನಗಳು. ಸದಸ್ಯ ಒಂದು ಸಾಲಕ್ಕೆ ಎಷ್ಟು ಸಲ ಸಂಘಕ್ಕೆ ಬಂದ. ಬಿತ್ತನೆ ವಾರದಲ್ಲಿ ಗೊಬ್ಬರ ಕೇಳಿ ಖಾಲಿ ಕೈಯಲ್ಲಿ ಹೋದವರು ಎಷ್ಟು. ಬಡ್ಡಿ ಸಾಲ ತರದೆ ತಮ್ಮ ಬೆಳೆಯ ದುಡ್ಡಿನಿಂದಲೇ ಕಟ್ಟಿದವರು ಎಷ್ಟು. ಕೊನೆಯದನ್ನು ಸದಸ್ಯರು ಹೇಳಬೇಕು, ಅದಕ್ಕೆ ನಂಬಿಕೆ ಬೇಕು. ಒತ್ತಾಯ ಮಾಡಬೇಡಿ, ಹೆಸರಿಲ್ಲದ ಚೀಟಿಯಲ್ಲಿ ಬರೆಸಿ.

ವಸೂಲಿ, ಲಾಭ, ಆಡಿಟ್ ವರ್ಗ ಹೇಗೂ ಇರುತ್ತವೆ. ಅವನ್ನು ತೆಗೆಯಬೇಡಿ, ಪಕ್ಕದಲ್ಲಿ ಇಡಿ.

ಧಾರವಾಡ_ಮಾಸ್ತರ್

ಪ್ರತಿ ಅಂಕಿಯ ಎದುರು ಎರಡು ವಿಷಯ ಬರೆದಿಡಿ. ಇದನ್ನು ಎಣಿಸುವವರು ಯಾರು. ಕೆಟ್ಟರೆ ಯಾವ ಸಭೆಯಲ್ಲಿ, ಏನು ಮಾಡುತ್ತೇವೆ. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಅಂಕಿಯನ್ನು ಎಣಿಸಲೇಬೇಡಿ, ಕಾರ್ಯದರ್ಶಿಯ ಹೊತ್ತು ಉಳಿಯುತ್ತದೆ.

ಲಕ್ಷ್ಮೇಶ್ವರ_ಗುಮಾಸ್ತ

ನಾನೂ ಇಂಥದೇ ಒಂದು ಸಂಘದಲ್ಲಿ ಗುಮಾಸ್ತ. ಒಂದು ವಿಷಯ ಯಾರೂ ಹೇಳಲಿಲ್ಲ. ದಿನ ತಡ ಆಗುವುದರಲ್ಲಿ ಅರ್ಧ ನಮ್ಮದು, ಅರ್ಧ ಜಿಲ್ಲಾ ಬ್ಯಾಂಕಿನ ಮಂಜೂರಾತಿಯದು. ಎರಡನ್ನೂ ಒಂದೇ ಅಂಕಿಯಲ್ಲಿ ಹಾಕಿದರೆ ಬೈಸಿಕೊಳ್ಳುವವರು ನಾವು. ಕಾಗದ ಪೂರ್ತಿ ಆಗಿ ನಮ್ಮಿಂದ ಹೊರಟ ದಿನವನ್ನು ಬೇರೆ ಬರೆಯಿರಿ. ಆಗ ಯಾವ ಕಡೆ ನಿಂತಿದೆ ಗೊತ್ತಾಗುತ್ತದೆ. ದೇಶದ 63,000 ಸಂಘಗಳಿಗೆ ಕಂಪ್ಯೂಟರ್ ಹಾಕುವ ಯೋಜನೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ನಿಮ್ಮಲ್ಲಿ ಸಾಫ್ಟ್‌ವೇರ್ ಬಂದಿದ್ದರೆ ಸಾಲ ತುಂಬಿದ ದಿನ, ಕೊಟ್ಟ ದಿನ ಎರಡೂ ಅದರಲ್ಲೇ ಸಿಗುತ್ತವೆ.

ಇನ್ನೊಂದು ವಿನಂತಿ. ಮಾರ್ಚ್‌ವರೆಗೆ ಕಾಯಬೇಡಿ. ಜನವರಿಯಲ್ಲೇ ಉತಾರ, ಆಧಾರ್, ಬಾಂಡ್ ಎಲ್ಲ ಪರೀಕ್ಷೆ ಮಾಡಿ ಇಡಿ. ಕಾಗದದ ತಪ್ಪು ತಿದ್ದಲು ಎರಡು ತಿಂಗಳು ಸಿಗುತ್ತದೆ.

ಗದಗ_ಕಡೆಯ_ನಿರ್ದೇಶಕ

ಇದು ಬಹಳ ಉಪಯೋಗದ ಮಾತು. ಜನವರಿ ತಪಾಸಣೆ ಮಾಡುತ್ತೇವೆ. ಬ್ಯಾಂಕಿಗೆ ಹೋದ ದಿನಕ್ಕೆ ಬೇರೆ ಕಾಲಂ ಹಾಕಿಸುತ್ತೇನೆ.

ನರಗುಂದ_ರೈತ

ಆ ವಿಧವೆಯ ಉತಾರ ಏನಾಯಿತು?

ಗದಗ_ಕಡೆಯ_ನಿರ್ದೇಶಕ

ಗುಮಾಸ್ತನನ್ನು ಅವರ ಜೊತೆ ನಾಡಕಚೇರಿಗೆ ಕಳಿಸಿದ್ದೇವೆ. ವಾರಸಾ ಅರ್ಜಿ ಹಾಕಿಸಿ ಬಂದಿದ್ದಾನೆ.

ಗದಗ_ಕಡೆಯ_ನಿರ್ದೇಶಕ

ಏಪ್ರಿಲ್ ಕೊನೆಯ ವಾರ ಬರೆಯುತ್ತಿದ್ದೇನೆ. ಕೆಲವರು ಕೇಳಿದ್ದಿರಿ.

ಜನವರಿಯಲ್ಲಿ ಕಾಗದ ತಪಾಸಣೆ ಮಾಡಿದಾಗ ಪ್ರತಿ ಊರಲ್ಲೂ ಹೆಸರು ಹೊಂದದ ಉತಾರಗಳು ಸಿಕ್ಕವು. ಬಹಳಷ್ಟು ಮಾರ್ಚ್ ಒಳಗೆ ತಿದ್ದಿಸಿದೆವು. ಈ ಸಲ ಸಾಲ ತುಂಬಿದವರಿಗೆ ಹೊಸ ಸಾಲ ಸಿಗಲು ಬಹಳ ಜನಕ್ಕೆ 8ರಿಂದ 11 ದಿನ ಆಗಿದೆ. ಅದರಲ್ಲಿ ನಮ್ಮ ಮೇಜಿನ ಮೇಲೆ ಕಾಗದ ಇದ್ದದ್ದು 2 ದಿನ, ಉಳಿದದ್ದು ಬ್ಯಾಂಕಿನ ಮಂಜೂರಾತಿ. ಆ ಕಾಲಂ ತೆಗೆದುಕೊಂಡು ಮುಂದಿನ ವಾರ ಬ್ಯಾಂಕಿನವರ ಹತ್ತಿರ ಮಾತಾಡಲು ಹೋಗುತ್ತಿದ್ದೇವೆ. ಹಾಗೆ ಕೈಯಲ್ಲಿ ದಿನಾಂಕ ಹಿಡಿದುಕೊಂಡು ಹೋಗುವುದು ಇದೇ ಮೊದಲು.

ಹೆಸರಿಲ್ಲದ ಚೀಟಿಗೆ ಅರ್ಧ ಜನ ಮಾತ್ರ ಉತ್ತರ ಬರೆದರು. ಬರೆದವರಲ್ಲಿ ಬಹಳ ಜನ ಈ ವರ್ಷವೂ ಬಡ್ಡಿ ಸಾಲ ತಂದೇ ಕಟ್ಟಿದ್ದಾರೆ. ಅದು ನಮ್ಮಿಂದ ಇನ್ನೂ ಬಗೆಹರಿದಿಲ್ಲ. ಆದರೆ ವಸೂಲಿ ನೂರು ಅನ್ನುವ ಸಾಲಿನ ಕೆಳಗೆ ಈ ಅಂಕಿಯನ್ನೂ ಸೆಪ್ಟೆಂಬರ್ ವರದಿಯಲ್ಲಿ ಅಚ್ಚು ಹಾಕಿಸುತ್ತೇವೆ. ಅಧ್ಯಕ್ಷರು ಒಪ್ಪಿದ್ದಾರೆ.

ಗೋದಾಮು ಜೂನ್ 1ರಿಂದ ಬೆಳಿಗ್ಗೆ ಆರೂವರೆಗೆ ತೆಗೆಯುತ್ತದೆ. ಹುಡುಗನಿಗೆ ಮಧ್ಯಾಹ್ನ ಮೂರಕ್ಕೆ ಬಿಡುವು ಕೊಡುತ್ತೇವೆ.

ಶಿಗ್ಗಾಂವಿ_ಅಕ್ಕ

ಆ ಅಕ್ಕನಿಗೆ ಸಾಲ ಸಿಕ್ಕಿತಾ ಅಣ್ಣಾ?

ಗದಗ_ಕಡೆಯ_ನಿರ್ದೇಶಕ

ಸಿಕ್ಕಿತು ಅಕ್ಕಾರ. ಅವರ ಹೆಸರಿಗೇ. ಏಪ್ರಿಲ್ 9ಕ್ಕೆ ತುಂಬಿದರು, 18ಕ್ಕೆ ಖಾತೆಗೆ ಬಂತು.